ಆರು ಮಿಲಿಮೀಟರ್ ಆಳ

ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ ಮೊಳೆ? ಈ ಹೆಸರು ಹಿಡಿದು ಕರೆದರೆ ಮುಖ ಊದಿಸಿಕೊಳ್ಳುತ್ತೀಯ ಅಂತ ಗೊತ್ತು. ಚಿಕ್ಕಂದಿನಲ್ಲಿ ನೀನು ಮೊಳೆಯ ಹಾಗೆ ಸಣಕಲಾಗಿದ್ದೆ, ಅಪ್ಪ ಆ ಹೆಸರಿಟ್ಟರು, ಅದಕ್ಕೆ ನಾನೇನು ಮಾಡಲಿ. ಮೊದಲು ಎಡಗೈ ಸಮಾಚಾರ ಬರೆ. ಕೊನೆಯ ಎರಡು ಬೆರಳು ಈಗ ಎಷ್ಟು ಮಡಚುತ್ತವೆ? ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ದಿನಾ ಹಿಂಡುತ್ತಿದ್ದೀಯೋ, ಇಲ್ಲ ಪೆಟ್ಟಿಗೆಯ ತಳಕ್ಕೆ ಹಾಕಿ ಮರೆತಿದ್ದೀಯೋ? ಚಳಿಗೆ ಗಾಯದ ಜಾಗ ಬಿಗಿಯುತ್ತದೆ ಅಂತ ಹೋದ ಸಲ ಬರೆದಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನಲ್ಲಿ ಐದು ನಿಮಿಷ ಕೈಯಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಗೋದಾಮಿನ ಗೇಟಿನಲ್ಲಿ ನಿಂತೇ ಎರಡು ತುತ್ತು ನುಂಗಿ ಊಟವಾಯಿತು ಅನ್ನಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿ ನೋವು ಇದ್ದೇ ಇದೆ, ಆದರೆ ಬಾಯಿಗೆ ಯಾವ ನೋವೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರೆ ಬೀದಿಯಲ್ಲಿ ಹೋಗುವವರನ್ನೆಲ್ಲ ವಿಚಾರಿಸಿಕೊಂಡೇ ಒಳಗೆ ಬರುವುದು. ಬೂದು ಬೆಕ್ಕು ಮತ್ತೆ ಮರದ ಪುಡಿಯ ಚೀಲದಲ್ಲೇ ಮರಿ ಹಾಕಿದೆ. ಆ ಚೀಲವನ್ನು ಎಸೆಯುವ ಹಾಗೂ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಇನ್ನು ನಾನು ಯಾವತ್ತಿನ ಪಾಲಿಶ್ ಅಕ್ಕನೇ. ಕೈಯ ಬಣ್ಣ ಮಾತ್ರ ಸ್ವಲ್ಪ ತೊಳೆದುಹೋಗಿದೆ, ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಶನಿವಾರ ಸಂಜೆ ಅಪ್ಪನ ಕಾಲದ ಪದ್ಧತಿಯಂತೆ ಈಗಲೂ ಎಣ್ಣೆಬಟ್ಟೆ ಹಿಡಿದು ಕೂರುತ್ತೇನೆ. ಉಳಿಗಳು, ತೋಪಡ, ಗರಗಸ, ಎಲ್ಲಕ್ಕೂ ತೆಳ್ಳಗೆ ಎಣ್ಣೆ ತೋರಿಸಿ ಗೋಡೆಗೆ ನೇತುಹಾಕಿದ ಮೇಲೆಯೇ ಬಾಗಿಲು ಹಾಕುವುದು.

ನಿನ್ನ ಪತ್ರ ಮಂಗಳವಾರ ಬಂತು. ಒಂದು ಪುಟ ಚಳಿ, ಅರ್ಧ ಪುಟ ಟೈಲ್ಸ್ ಡಬ್ಬಗಳ ಲೆಕ್ಕ, ಕೊನೆಗೆ ಮೂರು ಸಾಲು ನನ್ನ ಎದೆಗೆ ಗುದ್ದಿದ ಹಾಗೆ. "ಆ ರೌಟರ್ ಮಷೀನ್ ಇನ್ನೂ ಯಾಕೆ ಮಾರಿಲ್ಲ ಅಕ್ಕಾ. ನನ್ನ ಕೈನ ನಾನೇ ನಂಬಲ್ಲ. ಈ ತಿಂಗಳ ಕೊನೆಗೆ ಇಲ್ಲೇ ಮೂರು ವರ್ಷಕ್ಕೆ ಸಹಿ ಹಾಕ್ತೀನಿ." ಅಷ್ಟೇ. ಹದಿನೆಂಟು ವರ್ಷ ಮರದ ಕೆಲಸ ಮಾಡಿದವನು, ಅಪ್ಪ ಹೋದ ಮೇಲೆ ಈ ಅಂಗಡಿಯನ್ನು ಹೆಗಲ ಮೇಲೆ ಹೊತ್ತವನು, ಲಾರಿಯಿಂದ ಇಳಿಯುವ ಡಬ್ಬ ಎಣಿಸುತ್ತಾ ಮೂರು ವರ್ಷ ಕೂರುತ್ತಾನಂತೆ. ಓದಿ ನನಗೆ ಸಿಟ್ಟು ಬಂತು, ಅಳುವೂ ಬಂತು. ಫೋನ್ ಮಾಡೋಣ ಎಂದುಕೊಂಡೆ. ಆದರೆ ಫೋನಿನಲ್ಲಿ ಅಂಗಡಿಯ ಮಾತೆತ್ತಿದರೆ ನೀನು ಮೊದಲು "ಹ್ಞೂ" ಅನ್ನುತ್ತೀಯ, ಆಮೇಲೆ "ಲಾರಿ ಬಂತು ಅಕ್ಕಾ" ಅನ್ನುತ್ತೀಯ. ಅಷ್ಟೊಂದು ಲಾರಿ ಯಾವ ಗೋದಾಮಿಗೆ ಬರುತ್ತದೋ ದೇವರೇ ಬಲ್ಲ. ಅದಕ್ಕೇ ಪತ್ರ. ಪತ್ರಕ್ಕೆ ಲಾರಿ ಬಂತು ಅನ್ನಲಾಗುವುದಿಲ್ಲ. ಕೊನೆಯವರೆಗೂ ಓದು, ನನ್ನಾಣೆ.

ಮರ ಕೊರೆಯುವ ಆ ಮಷೀನು ಯಾಕೆ ಮಾರಲಿಲ್ಲ ಎಂಬುದನ್ನು ಮೊದಲಿಂದ ಹೇಳುತ್ತೇನೆ. ಎರಡು ತಿಂಗಳ ಹಿಂದೆ, ನೀನೇ ಫೋನಿನಲ್ಲಿ ಗೊತ್ತುಮಾಡಿ ಕಳಿಸಿದ್ದ ಬಾಗಿಲು ಮೇಸ್ತ್ರಿ ಬಂದಿದ್ದರು, ಅದೇ ಬರೀ ಬಾಗಿಲು ಚೌಕಟ್ಟಿನ ಕೆಲಸ ಮಾಡುವ ಆ ದಪ್ಪ ಕನ್ನಡಕದವರು. ನಿನ್ನ ಕೈಗೆ ಪೆಟ್ಟಾದ ದಿನದಿಂದ ಆ ಮಷೀನಿನ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿಟ್ಟಿದ್ದೆ. ಮೇಸ್ತ್ರಿ ಬೆಡ್‌ಶೀಟ್ ಸರಿಸಿ, ಅದನ್ನು ಎತ್ತಿ ತೂಗಿ, ತಿರುಗಿಸಿ, ಕಟರ್ ಬಿಚ್ಚಿ ಕಣ್ಣ ಹತ್ತಿರ ಹಿಡಿದು ನೋಡಿದರು. "ಮಷೀನ್ ಚೆನ್ನಾಗಿದೆಯಮ್ಮಾ, ಯಾಕೆ ಮಾರ್ತೀರಿ?" ಅಂದರು. ಇನ್ನೊಂದು ಮಾತೂ ಅಂದರು. ಅದನ್ನು ಈಗ ಬರೆಯುವುದಿಲ್ಲ, ಅದಕ್ಕೆ ಸ್ವಲ್ಪ ಧೈರ್ಯ ಬೇಕು. ಅವರ ಆ ಮಾತು ಕೇಳಿದ ಮೇಲೆ ನಾನು "ಇಲ್ಲ ಮೇಸ್ತ್ರಿ, ಮಾರಲ್ಲ" ಅಂದುಬಿಟ್ಟೆ. ಟೀ ಕುಡಿಸಿ ಕಳಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೋಗುವಾಗ, "ಕಲೀಬೇಕು ಅಂದ್ರೆ ಹೇಳಿ ಕಳಿಸಿ, ಎರಡು ದಿನ ಬರ್ತೀನಿ" ಎಂದು ಹೇಳಿ ಹೋದರು.

ಕಲಿಯುವುದು ಯಾರು? ನಾನು! ನಲವತ್ತಾರು ವರ್ಷದವಳು, ಜೀವನವಿಡೀ ಬ್ರಶ್ಶು, ಬಟ್ಟೆ, ಮರಳುಕಾಗದ ಬಿಟ್ಟು ಬೇರೇನೂ ಮುಟ್ಟದವಳು. ನಗಬೇಡ. ಅದೇ ವಾರ ಮಕ್ಕಳ ಲೈಬ್ರರಿಯ ಮೇಡಮ್ ಬಂದರು. ನಾಲ್ಕು ಪುಸ್ತಕದ ಕಪಾಟು, ಒಂದು ದುಂಡು ಮೇಜು ಬೇಕಂತೆ. ಮಕ್ಕಳು ಕಪಾಟಿನ ಮೇಲೆ ಹತ್ತುತ್ತಾರೆ, ಮೊಳೆ ಹೊಡೆದ ಹಲಗೆ ನಿಲ್ಲುವುದಿಲ್ಲ, ಅಡ್ಡಹಲಗೆಗಳು ಪಕ್ಕದ ಹಲಗೆಯೊಳಗೆ ಕೂರಬೇಕು ಅಂದರು. ಅಂದರೆ ಪ್ರತಿ ಪಕ್ಕದ ಹಲಗೆಯಲ್ಲೂ ಅಡ್ಡಹಲಗೆ ಕೂರಲು ಕಾಲುವೆಯಂಥ ಐದೈದು ಗ್ರೂವ್ ಕೊರೆಯಬೇಕು, ಎಂಟು ಹಲಗೆಗೆ ನಲವತ್ತು. ಎಲ್ಲ ಆರು ಮಿಲಿಮೀಟರ್ ಆಳ. ಉಳಿಯಿಂದ ಕೊರೆದರೆ ಮಕ್ಕಳು ದೊಡ್ಡವರಾಗಿ ಕಾಲೇಜಿಗೆ ಹೋಗುವ ಹೊತ್ತಿಗೆ ಕಪಾಟು ತಯಾರಾಗುತ್ತಿತ್ತು. ಮೇಡಮ್ಮಿಗೆ "ಆಗುತ್ತೆ" ಅಂದೆ. ಅವರು ಹೋದ ಮೇಲೆ ಅಮ್ಮ ನನ್ನ ಮುಖ ನೋಡಿದಳು. "ಯಾರು ಮಾಡ್ತಾರೆ?" ಅಂದಳು. "ಮಾಡೋರು ಮಾಡ್ತಾರೆ" ಅಂದೆ. ಅಮ್ಮ ಕುರ್ಚಿ ಎತ್ತಿಕೊಂಡು ಹೊರಗೆ ಹೋದಳು.

ಮೇಸ್ತ್ರಿ ಹೇಳಿದಂತೆ ಎರಡು ದಿನ ಬಂದರು. ಮೊದಲ ದಿನ ಮಷೀನು ಚಾಲೂ ಮಾಡಲು ಬಿಡಲೇ ಇಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೀ ಕಟರ್ ಹಾಕುವುದು, ತೆಗೆಯುವುದು. ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡಬೇಕು, ಆಮೇಲೇ ಕಟರ್ ಮುಟ್ಟಬೇಕು. ಸ್ವಿಚ್ ಆರಿಸಿದ್ದೇನೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಕಟರಿನ ಕಡ್ಡಿಯನ್ನು ಮಷೀನಿನ ಬಾಯಿಯೊಳಗೆ ತಳ ಮುಟ್ಟುವವರೆಗೆ ತಳ್ಳಿ, ಎರಡು ಮೂರು ಮಿಲಿ ಹಿಂದಕ್ಕೆ ಎಳೆದು, ಆಮೇಲೆ ಬಿಗಿಯಬೇಕು. ತಳಕ್ಕೆ ತಾಗಿಸಿಯೇ ಬಿಗಿದರೆ ಬಿಗಿಯಾದ ಹಾಗೆ ಅನ್ನಿಸುತ್ತದೆ, ಆದರೆ ಬಾಯಿ ಸರಿಯಾಗಿ ಕಚ್ಚಿರುವುದಿಲ್ಲವಂತೆ. ನನ್ನ ಕೈಯಲ್ಲಿ ಇಪ್ಪತ್ತು ಸಲ ಮಾಡಿಸಿದರು. ಕೊನೆಗೆ ನಾನು ರೇಗಿ, "ಮೇಸ್ತ್ರಿ, ಇದು ಓಡೋದು ಯಾವಾಗ?" ಅಂದೆ. "ಇದು ಸರಿ ಬಂದ ಮೇಲೆ" ಅಂದರು. ಎಂಥ ತಾಳ್ಮೆಯ ಮನುಷ್ಯ ಅಂತೀಯ! ಅಪ್ಪನಾಗಿದ್ದರೆ ಮೂರನೇ ಸಲಕ್ಕೇ ಸ್ಪ್ಯಾನರ್ ಎಸೆದು ಎದ್ದುಹೋಗುತ್ತಿದ್ದರು.

ಎರಡನೇ ದಿನ ವೇಷ ಕಟ್ಟಿಕೊಂಡೆ. ಕಣ್ಣಿಗೆ ಮುಚ್ಚುಕನ್ನಡಕ, ಮೂಗು ಬಾಯಿಗೆ ಮಾಸ್ಕು, ಕಿವಿಗೆ ಆ ದಪ್ಪ ಮುಚ್ಚಳ. ಜಡೆ ಸುತ್ತಿ ಗಂಟು ಹಾಕಿ ಟೋಪಿಯೊಳಗೆ ತುರುಕಿದೆ, ತೋಳು ಮೊಣಕೈವರೆಗೆ ಮಡಚಿದೆ. ಅಮ್ಮ ನೋಡಿ, "ಬ್ಯಾಂಕ್ ದರೋಡೆಗೆ ಹೊರಟಿದ್ದೀಯೇನೇ?" ಅಂದಳು. ಬೇಡದ ಹಲಗೆ ಒಂದನ್ನು ಬೆಂಚಿಗೆ ಎರಡು ಕ್ಲಾಂಪ್ ಹಾಕಿ ಕಚ್ಚಿಸಿದೆ. ಎರಡು, ಒಂದಲ್ಲ. ವೈರು ಭುಜದ ಮೇಲಿಂದ ಹಿಂದಕ್ಕೆ ಹಾಕಿಕೊಂಡೆ, ಮುಂದೆ ಬಿದ್ದರೆ ಕಟರ್ ಮೊದಲು ಅದನ್ನೇ ತಿನ್ನುತ್ತದೆ. ಎರಡೂ ಕೈ ಎರಡು ಹಿಡಿಯ ಮೇಲೆ. ಕಟರ್ ಮರಕ್ಕೆ ತಾಗದ ಹಾಗೆ ಹಿಡಿದು ಸ್ವಿಚ್ ಒತ್ತಿದೆ. ಅಬ್ಬಬ್ಬಾ! ಜೀವ ಬಾಯಿಗೆ ಬಂತು ಕಣೋ. ಹತ್ತು ವರ್ಷದಿಂದ ಆ ಸದ್ದನ್ನು ಪಾಲಿಶ್ ಮೂಲೆಯಿಂದ ಕೇಳಿದ್ದೇನೆ, ಆದರೆ ಅದನ್ನು ಕೈಯಲ್ಲಿ ಹಿಡಿದರೆ ಬೇರೆಯೇ. ಮೇಸ್ತ್ರಿ ಸನ್ನೆ ಮಾಡಿ, ಸದ್ದು ಏರಿ ಒಂದೇ ಸಮನೆ ಆಗುವವರೆಗೆ ಕಾಯಲು ಹೇಳಿದರು. ಆಮೇಲೆ ಮರಕ್ಕೆ ಇಳಿಸಿದೆ. ಒಂದು ಅಡಿ ಉದ್ದ ಕೊರೆದೆ. ಆರಿಸಿದ ಮೇಲೂ ಕಟರ್ ಪೂರ್ತಿ ನಿಲ್ಲುವವರೆಗೆ ಕೈ ಬಿಡಲಿಲ್ಲ, ಕೆಳಗಿಡಲೂ ಇಲ್ಲ. ನಿಂತ ಮೇಲೆ ನೋಡಿದರೆ ಗ್ರೂವ್ ಹಾವು ಹರಿದ ಹಾಗೆ ಇತ್ತು. ಆದರೂ ನನ್ನ ಕಣ್ಣಿಗೆ ಅಂಥ ಚಂದದ ಗ್ರೂವ್ ಈ ಅಂಗಡಿಯಲ್ಲಿ ಯಾರೂ ಕೊರೆದಿಲ್ಲ.

ಇನ್ನು ನನ್ನ ತಪ್ಪುಗಳನ್ನೂ ಕೇಳು, ನಿನಗೆ ಖುಷಿಯಾಗುತ್ತದೆ. ಮೊದಲನೆಯದು, ಅಮ್ಮ ಏನೋ ಕೂಗಿದಳು ಅಂತ ಅರ್ಧ ದಾರಿಯಲ್ಲಿ ನಿಂತು ತಿರುಗಿದೆ. ಕಟರ್ ತಿರುಗುತ್ತಾ ನಿಂತಲ್ಲೇ ಮರ ಸುಟ್ಟು ಕಪ್ಪಗಾಯಿತು. ಆ ಕಲೆಯನ್ನು ಉಜ್ಜಿ ತೆಗೆಯಲು ಪಾಲಿಶ್ ಅಕ್ಕನಿಗೇ ಬೆವರಿಳಿಯಿತು. ಇನ್ನೊಂದು ಸಲ, ಬೇಗ ಮುಗಿಯಲಿ ಅಂತ ಜೋರಾಗಿ ತಳ್ಳಿದೆ, ಅಂಚೆಲ್ಲ ಚಕ್ಕೆ ಎದ್ದು ಹರಿದುಹೋಯಿತು. ಈಗ ಕಿವಿಯಿಂದಲೇ ಗೊತ್ತಾಗುತ್ತದೆ. ಸದ್ದು ಕೀಚಲಾದರೆ ನಾನು ನಿಧಾನ, ಸದ್ದು ಗೊಗ್ಗರಾದರೆ ಅವಸರ. ನಡುವೆ ಒಂದು ಸದ್ದು ಇದೆ, ಅದು ಬಂದಾಗ ಮರದ ಪುಡಿ ಹಿಟ್ಟಿನ ಹಾಗಲ್ಲದೆ ಸಣ್ಣ ಸಣ್ಣ ಸುರುಳಿಯಾಗಿ ಬೀಳುತ್ತದೆ. ನೀನು ಕೆಲಸ ಮಾಡುವಾಗ ಆ ಸದ್ದೇ ಬರುತ್ತಿತ್ತು. ಪಾಲಿಶ್ ಮೂಲೆಯಲ್ಲಿ ಕೂತು ಹತ್ತು ವರ್ಷ ಅದನ್ನು ಕೇಳಿದ್ದೆನಲ್ಲ, ನನಗೆ ಗೊತ್ತಿಲ್ಲದೆ ಕಿವಿಗೆ ಪಾಠವಾಗಿತ್ತು.

ದೊಡ್ಡ ತಪ್ಪು ಅಂಚು ಉರುಟು ಮಾಡುವಾಗ ಆಯಿತು. ಅಡ್ಡಹಲಗೆಯ ಮುಂಭಾಗ ಮಕ್ಕಳ ಕೈಗೆ ಚುಚ್ಚದಿರಲಿ ಅಂತ ಅಂಚು ದುಂಡಗೆ ತೆಗೆಯಬೇಕಿತ್ತು. ಮೇಸ್ತ್ರಿ ಹೇಳಿಯೇ ಇದ್ದರು: ಮಷೀನು ನಮಗೂ ಹಲಗೆಗೂ ನಡುವೆ ಇದ್ದರೆ ಎಡದಿಂದ ಬಲಕ್ಕೆ ಹೋಗಬೇಕು, ಹಲಗೆಯ ಸುತ್ತ ಬರುವುದಾದರೆ ಗಡಿಯಾರದ ಮುಳ್ಳಿಗೆ ಎದುರು. ನಾನು ಪಾಲಿಶ್ ಉಜ್ಜುವವಳು, ನನ್ನ ಕೈ ಯಾವತ್ತೂ ಬಲದಿಂದ ಎಡಕ್ಕೆ ಬರುತ್ತದೆ. ಅಭ್ಯಾಸದ ಮೂರನೇ ಹಲಗೆಗೆ ಮೈಮರೆತು ಹಾಗೇ ಬಂದೆ. ಹಗ್ಗ ಕಿತ್ತ ಕರುವಿನ ಹಾಗೆ ಮಷೀನು ಅಂಚಿನ ಉದ್ದಕ್ಕೂ ಓಡಿತು! ಎರಡೂ ಕೈ ಹಿಡಿಯ ಮೇಲಿತ್ತು, ಹಲಗೆ ಎರಡು ಕ್ಲಾಂಪಿನಲ್ಲಿತ್ತು, ಹಾಗಾಗಿ ಅಂಚು ಹಾಳಾಯಿತು, ನನಗೇನೂ ಆಗಲಿಲ್ಲ. ಆರಿಸಿ, ಪ್ಲಗ್ ಕಿತ್ತು, ಹೊರಗೆ ಹೋಗಿ ಅಮ್ಮನ ಪಕ್ಕ ಕೂತೆ. ಆಮೇಲೆ ಯೋಚಿಸಿದೆ. ಎದುರಾಗಿ ಹೋದರೆ ಕಟರ್ ಮರವನ್ನು ಕಡಿಯುತ್ತದೆ, ಜೊತೆಯಲ್ಲಿ ಹೋದರೆ ಮರದ ಮೇಲೆ ಚಕ್ರವಾಗಿ ಉರುಳುತ್ತದೆ, ಅಷ್ಟೇ ವಿಷಯ. ವಿಷಯ ಅರ್ಥವಾದ ಮೇಲೆ ಹೆದರಿಕೆ ಅರ್ಧ ಇಳಿಯಿತು. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬಾಣ ಬರೆದೆ, ಈಗಲೂ ಇದೆ. ಬೇಕಾದರೆ ನೀನು ಬಂದು ಒರೆಸು.

ಹಲಗೆಯ ಅಡ್ಡ ತುದಿಯನ್ನು ಮೊದಲು, ಉದ್ದದ ಅಂಚನ್ನು ಆಮೇಲೆ ತೆಗೆಯುವುದು ಮಾತ್ರ ನಾನೇ ಕಂಡುಕೊಂಡದ್ದು. ಮೂಲೆಯಲ್ಲಿ ಚಕ್ಕೆ ಎದ್ದರೂ ಉದ್ದದ ಅಂಚು ತೆಗೆಯುವಾಗ ಅದು ಹೋಗಿಬಿಡುತ್ತದೆ. ಮೇಸ್ತ್ರಿಗೆ ಜಂಬದಿಂದ ಹೇಳಿದೆ. "ಅದು ಎಲ್ಲರಿಗೂ ಗೊತ್ತಮ್ಮಾ" ಅಂದರು. ಇರಲಿ, ನನಗೆ ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ.

ಹೀಗೆ ಮೂರು ವಾರ ಬೇಡದ ಹಲಗೆಗಳ ಮೇಲೆ ಅಭ್ಯಾಸ ಮಾಡಿ, ಆಮೇಲೆ ಲೈಬ್ರರಿಯ ಹಲಗೆ ಮುಟ್ಟಿದೆ. ಪ್ರತಿ ಗ್ರೂವಿಗೂ ನೇರ ಪಟ್ಟಿ ಕಟ್ಟಿಕೊಂಡು, ಅದಕ್ಕೆ ಮಷೀನು ಒರಗಿಸಿ ಮುಂದಕ್ಕೆ ತಳ್ಳುತ್ತಿದ್ದೆ. ಮಷೀನು ಎಡಕ್ಕೆ ಎಳೆಯುತ್ತದೆ, ಹಾಗಾಗಿ ಪಟ್ಟಿ ಎಡಗಡೆ. ಆರು ಮಿಲಿ ಒಂದೇ ಸಲ ಕೊರೆಯಲಿಲ್ಲ, ಮೂರು ಒಂದು ಸಲ, ಮೂರು ಇನ್ನೊಂದು ಸಲ. ಪ್ರತಿಯೊಂದು ಗ್ರೂವ್ ಆದ ಮೇಲೂ ಆಳ ಅಳೆದೆ, ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ. ಹುಚ್ಚಿಯ ಹಾಗೆ ಯಾಕೆ ಎರಡೂ ತುದಿ ಅಳೆಯುತ್ತಾಳೆ ಅಂತ ಅಮ್ಮ ಕೇಳಿದಳು. ಹೇಳಲಿಲ್ಲ. ನಲವತ್ತು ಗ್ರೂವ್, ಎಂಬತ್ತು ತುದಿ. ಎಲ್ಲಾ ಆರು. ಐದೂವರೆ ಇಲ್ಲ, ಆರೂವರೆ ಇಲ್ಲ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೋ, ಸುಮ್ಮನೆ ಕೊಚ್ಚಿಕೊಳ್ಳಲು ಬರೆದದ್ದಲ್ಲ.

ಕಪಾಟುಗಳು ಮೊನ್ನೆ ಗುರುವಾರ ಹೋದವು. ಮೇಡಮ್ ತಾವೇ ಕೆಳಗಿನ ಅಡ್ಡಹಲಗೆಯ ಮೇಲೆ ನಿಂತು ಕುಣಿದು ನೋಡಿದರು. ಅವರ ಗಾತ್ರ ನೀನು ನೋಡಿಲ್ಲ, ಕಪಾಟು ಒಂದು ಚೂರೂ ಅಲುಗಲಿಲ್ಲ. ದುಂಡು ಮೇಜು ಮಾತ್ರ ಇನ್ನೂ ಇಲ್ಲೇ ಇದೆ. ಮೇಲಿನ ಹಲಗೆ ಕೊಯ್ದು, ಉಜ್ಜಿ, ತಯಾರಾಗಿ ಬೆಂಚಿನ ಮೇಲೆ ಮಲಗಿದೆ. ಅಂಚು ಒಂದನ್ನು ತೆಗೆಯಬೇಕು, ಸುತ್ತ ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ. ನನಗೆ ಬರುವುದಿಲ್ಲ ಅಂತಲ್ಲ. ಮೇಡಮ್ಮಿಗೆ ಮುಂದಿನ ತಿಂಗಳ ಹತ್ತನೇ ತಾರೀಖಿಗೆ ಕೊಡುತ್ತೇನೆ ಅಂದಿದ್ದೇನೆ. ಅಲ್ಲಿಯವರೆಗೆ ಅದನ್ನು ನಾನು ಮುಟ್ಟುವುದಿಲ್ಲ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಉಣ್ಣೆ ಟೋಪಿ ಹಾಕಿಕೊಳ್ಳಬೇಕಂತೆ, ಕಿವಿ ಮುಚ್ಚಬೇಕಂತೆ, ಒದ್ದೆ ಸಾಕ್ಸು ಹಾಕಬಾರದಂತೆ. ಮೇಸ್ತ್ರಿ ಕೇಳಿದರು ಅಂತ ಹೇಳಲು ಹೇಳಿದ್ದಾರೆ. ಬೆಕ್ಕಿನ ಪರವಾಗಿ ನಾನೇ ಹೇಳುತ್ತೇನೆ. ನಿನ್ನ ಕೈಗೆ ಬೇಗ ಹಿಡಿತ ಬರಲಿ, ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಸಿಗಲಿ. ಇದಕ್ಕಿಂತ ದೊಡ್ಡ ಆಸೆ ಈ ಅಕ್ಕನಿಗಿಲ್ಲ.

ಇಂತಿ,
ನಿನ್ನ ಅಕ್ಕ

ತಾ.ಕ.: ಕವರಿಗೆ ಅಂಟು ಹಚ್ಚಲು ಹೋದವಳು ಮತ್ತೆ ಕೂತಿದ್ದೇನೆ. ಇಷ್ಟುದ್ದ ಬರೆದದ್ದು ಒಂದು ಮಾತು ಹೇಳಲಿಕ್ಕೆ. ಅದನ್ನು ಹೇಳದೆ ಸಹಿಯನ್ನೂ ಹಾಕಿಬಿಟ್ಟೆ ನೋಡು, ಅಷ್ಟು ಹೆದರಿಕೆ.

ಮೇಸ್ತ್ರಿ ಅಂದು ಹೇಳಿದ ಆ ಇನ್ನೊಂದು ಮಾತು ಇದು. ಕಟರ್ ಬಿಚ್ಚಿದವರು ಮಷೀನಿನ ಬಾಯಿಯೊಳಗೆ ಬೆರಳಾಡಿಸಿ ಮೂಸಿ ನೋಡಿದರು. "ಇದರೊಳಗೆ ಎಣ್ಣೆ ಹಚ್ಚಿದ್ದು ಯಾರಮ್ಮಾ? ಎಣ್ಣೆ ಇದ್ರೆ ಕಟರ್ ನಿಲ್ಲಲ್ಲ, ಓಡ್ತಾ ಓಡ್ತಾ ಕೆಳಗೆ ಜಾರುತ್ತೆ" ಅಂದರು. ನಾನು ಕಣೋ. ನಾನೇ ಹಚ್ಚಿದ್ದು. ನಿನಗೆ ಪೆಟ್ಟಾದದ್ದು ಸೋಮವಾರ. ಅದರ ಹಿಂದಿನ ಶನಿವಾರ ಬಾಯಿಯೊಳಗೆ ತುಕ್ಕಿನ ಚುಕ್ಕೆ ಕಂಡಿತು. ಕಬ್ಬಿಣ ಕಂಡರೆ ಎಣ್ಣೆ ಅಂತ ಅಪ್ಪ ಕಲಿಸಿದ್ದು, ಎಣ್ಣೆಬಟ್ಟೆ ತಿರುಚಿ ಒಳಗೆ ಹಾಕಿ ಚೆನ್ನಾಗಿ ತಿರುಗಿಸಿದೆ. ಕಟರಿನ ಕಡ್ಡಿಗೂ ಹಚ್ಚಿದೆ. ಒಳ್ಳೇದು ಮಾಡಿದೆ ಅಂದುಕೊಂಡೆ. ನೀನು ಊರು ಬಿಟ್ಟ ಮೇಲೂ ಶನಿವಾರ ಶನಿವಾರ ಬೆಡ್‌ಶೀಟ್ ಎತ್ತಿ ಹಚ್ಚುತ್ತಲೇ ಇದ್ದೆ.

ಮೇಸ್ತ್ರಿ ಹೋದ ಮೇಲೆ ನಿನಗೆ ಪೆಟ್ಟಾದ ದಿನದ ಹಲಗೆ ಹುಡುಕಿದೆ. ಅಮ್ಮ ಸುಟ್ಟುಬಿಡು ಅಂದಿದ್ದಳು, ನನಗೆ ಮನಸ್ಸಾಗದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಅಳೆದೆ. ಶುರುವಿನಲ್ಲಿ ಆರು ಮಿಲಿ. ಮಷೀನು ಎಗರಿದ ಜಾಗದಲ್ಲಿ ಹನ್ನೊಂದು. ಕೈ ನಡುಗಿದರೆ ಗೆರೆ ಅಕ್ಕಪಕ್ಕ ಹೋಗುತ್ತದೆ, ಆಳ ಹೆಚ್ಚಾಗುವುದಿಲ್ಲ. ಮಷೀನಿನ ತಳ ಹಲಗೆಯ ಮೇಲೆ ಕೂತಿರುತ್ತದೆ, ಯಾರ ಕೈಯೂ ಅದನ್ನು ಒಳಗೆ ಒತ್ತಲಾರದು. ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಿನ್ನ ಗೆರೆ ಕೊನೆಯವರೆಗೂ ನೂಲು ಹಿಡಿದ ಹಾಗೆ ನೇರವಾಗಿದೆ. ಕಟರ್ ಜಾರಿ ಇಳಿಯಿತು, ಮರ ಕಚ್ಚಿಕೊಂಡಿತು, ಹಲಗೆ ತಿರುಗಿತು, ಅದನ್ನು ಹಿಡಿಯಲು ನಿನ್ನ ಎಡಗೈ ಹೋಯಿತು. ಒಂದೇ ಕ್ಲಾಂಪ್ ಹಾಕಿದ್ದು ನಿನ್ನ ತಪ್ಪು, ಅದನ್ನು ನಾನು ಹೊರುವುದಿಲ್ಲ. ಉಳಿದದ್ದು ನನ್ನದು.

ಎರಡು ತಿಂಗಳು ಇದನ್ನು ನುಂಗಿಕೊಂಡಿದ್ದೆ. ಬರೀ ಬಾಯಲ್ಲಿ ಹೇಳಿದರೆ ಅಕ್ಕ ಸಮಾಧಾನಕ್ಕೆ ಹೇಳುತ್ತಾಳೆ ಅಂತ ನೀನು ಅಂದುಕೊಳ್ಳುತ್ತಿದ್ದೆ. ಅದಕ್ಕೇ ಮಷೀನಿನ ಬಾಯಿಯ ಎಣ್ಣೆ ಒರೆಸಿ ಒಣಗಿಸಿ, ಅದೇ ಮಷೀನಿನಲ್ಲಿ, ಅದೇ ಕಟರಿನಲ್ಲಿ, ನನ್ನ ಕೈಯಲ್ಲೇ ನಲವತ್ತು ಕೊರೆದು ನೋಡಿದೆ. ನಿನ್ನೆ ಅಮ್ಮನಿಗೂ ಹೇಳಿದೆ. ಕುರ್ಚಿ ತಂದು ನನ್ನ ಎದುರಿಗೇ ಹಾಕಿಕೊಂಡು ಕೂತಳು. ಆಮೇಲೆ, "ನನಗಲ್ಲ, ಅವನಿಗೆ ಬರಿ" ಅಂದಳು. ತಪ್ಪಾಯಿತು ತಮ್ಮಾ. ಹೊಟ್ಟೆಗೆ ಹಾಕಿಕೋ ಅಂತ ಕೇಳಲೂ ನಾಚಿಕೆಯಾಗುತ್ತದೆ.

ಕವರಿನಲ್ಲಿ ಕಾಗದದಲ್ಲಿ ಸುತ್ತಿದ ಎರಡು ಮರದ ಚೂರುಗಳಿವೆ. ಆ ದಿನದ ಗ್ರೂವಿನ ಎರಡು ತುದಿಯಿಂದ ಕೊಯ್ದದ್ದು, ಹಿಂದೆ ಪೆನ್ಸಿಲಿನಲ್ಲಿ "ಶುರು", "ಕೊನೆ" ಅಂತ ಬರೆದಿದ್ದೇನೆ. ನನ್ನ ಮಾತು ನಂಬಬೇಡ, ನಿನ್ನ ಸ್ಕೇಲು ತೆಗೆದು ನೀನೇ ಅಳೆ. ಅಳೆದ ಮೇಲೂ ಆ ಗೋದಾಮಿಗೆ ಸಹಿ ಹಾಕಬೇಕು ಅನ್ನಿಸಿದರೆ ಹಾಕು, ನಾನು ಉಸಿರೆತ್ತುವುದಿಲ್ಲ. ಬೈಯಬೇಕು ಅನ್ನಿಸಿದರೆ ಮಾತ್ರ ಪತ್ರದಲ್ಲಿ ಬೈಯಬೇಡ, ಬಂದು ಬೈಯಿ. ದುಂಡು ಮೇಜು ಬೆಂಚಿನ ಮೇಲಿದೆ, ಎರಡು ಕ್ಲಾಂಪ್ ಹಾಕಿಟ್ಟಿದ್ದೇನೆ.